ಮುದ್ರಣದ ಸರದಿ: ಎರಡು ಬರಹಗಳು

ವ್ಯಾಪಾರಸಂಸ್ಥೆಯ ಹತ್ತಾರು ಗಣಕಯಂತ್ರಗಳು ಕಳುಹಿಸಿದ ಕಡತಗಳನ್ನು ಸರದಿಯಲ್ಲಿರಿಸಿ ಪ್ರಿಂಟರಿಗೆ ಒಪ್ಪಿಸುವುದು ಪ್ರಿಂಟ್ ಸರ್ವರಿನ ಕೆಲಸ. ಅಂತರಜಾಲದ ವ್ಯವಹಾರನಿಯಮಗಳನ್ನು ದಾಖಲಿಸುವ ಆರ್.ಎಫ್.ಸಿ. ಮಾಲೆಯಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ೧೧೭೯ನೆಯ ಬರಹವು ೧೯೯೦ರ ಆಗಸ್ಟಿನಲ್ಲಿ ಪ್ರಕಟವಾಯಿತು. ಬರ್ಕ್ಲಿ ಯುನಿಕ್ಸಿನಲ್ಲಿ ಆಗಲೇ ರೂಢವಾಗಿದ್ದ ಪದ್ಧತಿಯನ್ನು ಅದು ಬರೆದಿಟ್ಟಿತೇ ಹೊರತು ಹೊಸದೇನನ್ನೂ ವಿಧಿಸಲಿಲ್ಲ. ಅದರ ಮಿತಭಾಷಿತ್ವವನ್ನು ನಾವು ಮೆಚ್ಚುತ್ತೇವೆ. ಅದರ ಮೌನವನ್ನು ಮೆಚ್ಚಲಾರೆವು.

ಕಡತ ಮುಟ್ಟಿತೆಂದು ಸರ್ವರ್ ಒಂದು ಸೊನ್ನೆಯನ್ನು ಹಿಂದಿರುಗಿಸುತ್ತದೆ. ಅಚ್ಚಾಯಿತೇ ಎಂಬುದಕ್ಕೆ ಅದು ಉತ್ತರವಲ್ಲ. ಸರದಿಯ ಸ್ಥಿತಿಯನ್ನು ಕೇಳಬಹುದು, ನಿಜ. ಆದರೆ ಉತ್ತರ ಯಾವ ರೂಪದಲ್ಲಿರಬೇಕೆಂಬುದನ್ನು ಬರಹ ಗೊತ್ತುಮಾಡಿಲ್ಲ. ಕಳುಹಿಸಿದವನ ಹೆಸರೂ ಕಳುಹಿಸುವ ಯಂತ್ರವೇ ಬರೆದದ್ದು. ೭೨೧ರಿಂದ ೭೩೧ರೊಳಗಿನ ಪೋರ್ಟಿನಿಂದ ಬಂದಿರಬೇಕೆಂಬ ನಿಯಮವು ಆ ಯಂತ್ರದ ಒಡೆಯನನ್ನು ನಂಬಿದಂತೆಯೇ ಸರಿ. ಕಾಗದವಿಲ್ಲದೆ ನಿಂತ ವೇತನಪಟ್ಟಿಯೊಂದು, ಮರುದಿನ ಯಾರೋ ಕಾಗದ ತುಂಬಿದೊಡನೆ ಕಂಡವರ ಕಣ್ಣೆದುರು ಹೊರಬಿದ್ದರೆ ಹೊಣೆ ಯಾರದು?

ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೊಕಾಲನ್ನು ನಿರೂಪಿಸುವ, ೨೦೧೭ರ ಜನವರಿಯ ೮೦೧೧ನೆಯ ಬರಹವು ಇನ್ನೂರು ಪುಟಗಳನ್ನು ಮೀರಿದ್ದು. ಓದುವವನ ತಾಳ್ಮೆಯನ್ನು ಅದು ಪರೀಕ್ಷಿಸುತ್ತದೆ. ಆದರೂ ಒಂದೊಂದು ಕೆಲಸಕ್ಕೂ ಕಾದಿರುವುದು, ತಡೆಹಿಡಿದಿರುವುದು, ನಡುವೆ ನಿಂತಿರುವುದು, ಮುಗಿದಿರುವುದು ಮುಂತಾಗಿ ಏಳು ಅವಸ್ಥೆಗಳನ್ನು ಅದು ಹೆಸರಿಸುತ್ತದೆ. ನಿಂತುದು ಕಾಗದ ಮುಗಿದೋ, ಸಿಕ್ಕಿಕೊಂಡೋ ಎಂಬುದನ್ನೂ ಬೇರ್ಪಡಿಸಿ ತಿಳಿಸುತ್ತದೆ. ನಿರ್ವಾಹಕನಿಗೆ ಬೇಕಾದುದು ಈ ವಾಚಾಳತೆಯೇ ಎಂಬುದು ನಮ್ಮ ಅಭಿಪ್ರಾಯ. ಹಳೆಯ ಪ್ರಿಂಟರುಗಳಿರುವ ಕಡೆ ೫೧೫ನೆಯ ಪೋರ್ಟನ್ನು ತೆರೆದಿಡಬೇಕಾದೀತು. ಅದನ್ನು ಸರ್ವರ್ ಒಂದಕ್ಕೇ ತೆರೆದಿಟ್ಟರೆ ಸಾಕು.