ಮಂಡಗದ್ದೆಯಲ್ಲಿ ನಿಂತು ನೋಡಿದರೆ

ಮಳೆಗಾಲದ ಭಾನುವಾರ ಶಿವಮೊಗ್ಗದ ರವೀಂದ್ರನಗರದ ಮನೆಯಿಂದ ಹೊರಟು ತೀರ್ಥಹಳ್ಳಿ ಬಸ್ಸು ಹಿಡಿದರೆ, ತಿಂಡಿಯ ಹೊತ್ತಿಗೆ ಮಂಡಗದ್ದೆ. ರಸ್ತೆಬದಿಯಲ್ಲೇ ವೀಕ್ಷಣಾ ಗೋಪುರ. ಕೆಳಗೆ ಕೆಂಪಗೆ ಹರಿಯುವ ತುಂಗೆ, ನಡುವೆ ಅರ್ಧ ಮುಳುಗಿದ ಮರಗಳ ಪುಟ್ಟ ನಡುಗಡ್ಡೆ. ಕೊಂಬೆ ಕೊಂಬೆಗೂ ಗೂಡು: ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. ಕಳೆದ ಸಲ ಹೋದಾಗ ಬೆಳ್ಳಕ್ಕಿಯೊಂದು ಕಡ್ಡಿ ತರಲು ಹಾರಿದ್ದೇ ತಡ, ಪಕ್ಕದ ಗೂಡಿನದು ಕತ್ತು ಚಾಚಿ ಅದರ ಗೂಡಿನಿಂದಲೇ ಒಂದು ಕಡ್ಡಿ ಎಳೆದುಕೊಂಡಿತು. ಆಮೇಲೆ ಏನೂ ಆಗಿಲ್ಲವೆಂಬಂತೆ ಕೂತಿತು.

ಪಕ್ಷಿಧಾಮವಾಗಿ ಮಂಡಗದ್ದೆಗೆ ನಾನು ಒಳ್ಳೆಯ ಅಂಕವನ್ನೇ ಕೊಡುತ್ತೇನೆ. ಇಲ್ಲಿ ಹೊಳೆಯೇ ಬೇಲಿ. ಬಸ್ಸು, ಲಾರಿ ಹಾರನ್ ಹೊಡೆದುಕೊಂಡು ಹೋದರೂ ಹಕ್ಕಿಗಳು ಕದಲುವುದಿಲ್ಲ. ಯಾರೂ ಹತ್ತಿರ ಬರುವಂತಿಲ್ಲ ಎನ್ನುವುದು ಅವಕ್ಕೆ ಗೊತ್ತು. ನೋಡುವವನು ದಡದಲ್ಲೇ ನಿಲ್ಲಬೇಕು. ಈ ಅಂತರ ಲಕ್ಕವಳ್ಳಿಯಲ್ಲಿ ಇಲ್ಲ. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದಾಗ ಮೇಲೇಳುವ ದಿಬ್ಬಗಳಲ್ಲಿ ನದಿ ರೀವಗಳು ಬರೀ ನೆಲದ ಮೇಲೆ ಮೊಟ್ಟೆಯಿಡುತ್ತವೆ. ಫೋಟೋಕ್ಕೆಂದು ದೋಣಿ ತೀರಾ ಹತ್ತಿರ ಸರಿದರೆ ತಾಯಿ ಮೇಲೇಳುತ್ತದೆ, ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಒಳ್ಳೆಯ ಚಿತ್ರಕ್ಕೆ ಕೊಡುವ ಬೆಲೆ ಚಿತ್ರದಲ್ಲಿ ಕಾಣುವುದಿಲ್ಲ.

ಆದರೆ ನನ್ನ ತಕರಾರು ದೋಣಿಯವರ ಮೇಲಲ್ಲ, ಹಕ್ಕಿಗಳ ಪಟ್ಟಿ ಬರೆಯುವ ನಮ್ಮಂಥವರ ಮೇಲೆ. ತೇಜಸ್ವಿಯವರನ್ನು ಓದಿ ದುರ್ಬೀನು ಕೊಂಡ ಪೀಳಿಗೆ ನಮ್ಮದು. ಅವರ ‘ಪರಿಸರದ ಕತೆ’ಯಲ್ಲಿ ಕಾಡಿನಷ್ಟೇ ಜಾಗ ಅಲ್ಲಿನ ಜನರಾದ ಮಾರನಿಗೂ ಪ್ಯಾರನಿಗೂ ಇತ್ತು. ನಾವು ಹಕ್ಕಿಯನ್ನು ಇಟ್ಟುಕೊಂಡು ಅವರಿಬ್ಬರನ್ನೂ ಬಿಟ್ಟುಬಂದೆವು.

ಇದೇ ಸೀಮೆಯ ಶೆಟ್ಟಿಹಳ್ಳಿ ಕಾಡನ್ನೇ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆ ಬೆಳಕು ಬರಲೆಂದು ಶರಾವತಿ ಕಣಿವೆಯ ಜನ ಗದ್ದೆ, ತೋಟ, ಮನೆ ಬಿಟ್ಟೆದ್ದರು. ಅವರಲ್ಲಿ ಕೆಲವರನ್ನು ಸರ್ಕಾರವೇ ತಂದು ಈ ಕಾಡಿನ ನಡುವೆ ಕೂರಿಸಿತು. ಹತ್ತು ವರ್ಷಕ್ಕೆ, 1974ರಲ್ಲಿ, ಆ ಕಾಡು ಅಭಯಾರಣ್ಯವಾಯಿತು. ಊರು ಕಟ್ಟಿಕೊಟ್ಟ ಸರ್ಕಾರವೇ ಊರಿನ ಸುತ್ತ ಗೆರೆ ಎಳೆಯಿತು. ಹಕ್ಕುಪತ್ರಕ್ಕೆ, ಡಾಂಬರು ರಸ್ತೆಗೆ, ಕೊನೆಗೆ ಕರೆಂಟಿನ ಕಂಬಕ್ಕೂ ಆ ಊರುಗಳು ದಶಕಗಟ್ಟಲೆ ಅಲೆದವು. ಕೇಳಿದಾಗಲೆಲ್ಲ ಸಿಕ್ಕ ಉತ್ತರ ಒಂದೇ: ಇದು ವನ್ಯಜೀವಿಗಳ ಜಾಗ.

ಅದೇ ವನ್ಯಜೀವಿ ಕಾನೂನು ಶರಾವತಿಯ ಕಡೆ ತಿರುಗಿದಾಗ ಎಷ್ಟು ಮೆತ್ತಗಾಗುತ್ತದೆ! ಸಿಂಗಳೀಕಗಳಿಗೆಂದೇ ಹೆಸರಿಟ್ಟ ಅಭಯಾರಣ್ಯದೊಳಗೆ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಹಾಕಿಕೊಂಡಿದ್ದಾರೆ. ಗೇರುಸೊಪ್ಪ ಜಲಾಶಯದ ನೀರನ್ನು ಸುರಂಗದ ಮೂಲಕ ತಲಕಳಲೆ ಜಲಾಶಯಕ್ಕೆ ಎತ್ತಿ ಮತ್ತೆ ಬಿಡುವ ಲೆಕ್ಕ. ಎತ್ತಲು ಬೇಕಾಗುವ ಕರೆಂಟು ಬಿಟ್ಟಾಗ ಸಿಗುವುದಕ್ಕಿಂತ ಹೆಚ್ಚು. ನಾಲ್ಕು ಕಂಬಕ್ಕೆ ಅಡ್ಡಬಂದ ಕಾಡು ಸುರಂಗಕ್ಕೆ ಅಡ್ಡಬರುವುದಿಲ್ಲ.

ಹಾಗೆಂದು ಕಾನೂನೇ ಬೇಡವೆನ್ನಲಾರೆ. ಅದಿಲ್ಲದಿದ್ದರೆ ಕಾಡು ಎಂದೋ ಲೇಔಟ್ ಆಗಿರುತ್ತಿತ್ತು. ಜನರೊಂದಿಗೆ ಕೂತು ಮಾತಾಡಿದರೆ ಕೆಲಸವಾಗುತ್ತದೆ ಎನ್ನುವುದಕ್ಕೂ ಉದಾಹರಣೆ ನಮ್ಮಲ್ಲೇ ಇದೆ. 2001-02ರ ಸುಮಾರಿಗೆ ಭದ್ರಾ ಅಭಯಾರಣ್ಯದಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿ, ಕೆಳಗೂರಿಗೆ ಹೋದವು. ಜಮೀನು, ಮನೆ, ರಸ್ತೆ ಸಿಕ್ಕಿದ್ದರಿಂದಲೇ ದೇಶದ ಬೇರೆ ಪುನರ್ವಸತಿಗಳ ಪಕ್ಕದಲ್ಲಿ ಅದನ್ನು ಯಶಸ್ಸೆಂದು ಎಣಿಸುತ್ತಾರೆ. ನೋವಿಲ್ಲದೆ ಯಾರೂ ಊರು ಬಿಡುವುದಿಲ್ಲ, ಆದರೆ ಅಲ್ಲಿ ಕೊಟ್ಟ ಮಾತಿಗೆ ಬೆಲೆಯಿತ್ತು.

ಹಕ್ಕಿ ನೋಡುವವನಿಗೆ ತಾಳ್ಮೆಯಿದೆ, ದಿನಾಂಕ ಹಾಕಿ ಬರೆದಿಡುವ ಶಿಸ್ತಿದೆ. ಯಾವ ಮರದಲ್ಲಿ ಎಷ್ಟು ಗೂಡು, ಯಾವ ವರ್ಷ ಕಡಿಮೆಯಾಯಿತು ಎನ್ನುವುದಕ್ಕೆ ಅವನ ನೋಟ್‌ಬುಕ್ಕು ಸಾಕ್ಷಿ. ಆ ಸಾಕ್ಷಿ ಸುರಂಗದ ಅಹವಾಲು ಸಭೆಯಲ್ಲಿ ಮೇಜಿನ ಮೇಲೆ ಬರಬೇಕು. ಶೆಟ್ಟಿಹಳ್ಳಿಯವರು ಅರ್ಜಿ ಹಿಡಿದು ನಿಂತಾಗ ಅವನೂ ಪಕ್ಕದಲ್ಲಿ ನಿಲ್ಲಬೇಕು. ಇಲ್ಲದಿದ್ದರೆ ಬೆಳ್ಳಕ್ಕಿ ಕಡ್ಡಿ ಕದ್ದದ್ದನ್ನು ಗುರುತಿಸಿ, ಒಂದು ಊರಿನ ಗೂಡನ್ನೇ ಎಳೆದುಕೊಂಡದ್ದನ್ನು ಬರೆಯಲು ಮರೆತವರಾಗುತ್ತೇವೆ.