ಹಿತ್ತಲಲ್ಲಿ ಮೀನು ಮತ್ತು ಸೊಪ್ಪು: ಒಂದು ಕೈಪಿಡಿ ನಮ್ಮ ನೀರಿಗೆ ಒಗ್ಗುವುದೇ?

ತೊಟ್ಟಿಯಲ್ಲಿ ಮೀನು, ಪಕ್ಕದ ಜಲ್ಲಿ ತುಂಬಿದ ಮಡಿಯಲ್ಲಿ ಸೊಪ್ಪು. ತೊಟ್ಟಿಯ ನೀರನ್ನು ಒಂದು ಸಣ್ಣ ಪಂಪು ಮಡಿಗೆ ಎತ್ತಿ ಹಾಕುತ್ತದೆ. ಜಲ್ಲಿಯಲ್ಲಿ ಸೋಸಿದ ನೀರು ಮರಳಿ ತೊಟ್ಟಿಗೆ ಇಳಿಯುತ್ತದೆ. ಮಣ್ಣು ಬೇಡ, ರಾಸಾಯನಿಕ ಗೊಬ್ಬರವೂ ಹೆಚ್ಚುಕಡಿಮೆ ಬೇಡ. ಇದೇ ಅಕ್ವಾಪೋನಿಕ್ಸ್. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹಿತ್ತಲಿರುವ ಯಾರಿಗಾದರೂ ಇದನ್ನು ಮಾಡಿ ನೋಡುವ ಆಸೆ ಹುಟ್ಟುವುದು ಸಹಜ.

ಹೊಸಬರಿಗೆ ಸಾಮಾನ್ಯವಾಗಿ ಸೂಚಿಸುವ ಪುಸ್ತಕ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ರೋಮ್‌ನಿಂದ ಹೊರತಂದ 'ಸ್ಮಾಲ್-ಸ್ಕೇಲ್ ಅಕ್ವಾಪೋನಿಕ್ ಫುಡ್ ಪ್ರೊಡಕ್ಷನ್'. ಇಂಗ್ಲಿಷಿನಲ್ಲಿರುವ ಈ ಕೈಪಿಡಿ ಉಚಿತವಾಗಿ ಸಿಗುತ್ತದೆ. ಸೋಮರ್ವಿಲ್ ಮತ್ತು ಸಂಗಡಿಗರು ಇದರ ಲೇಖಕರು. ಪುಸ್ತಕ ಒಳ್ಳೆಯದು. ಆದರೆ ಮಲಪ್ರಭೆಯ ಬಯಲಿನಲ್ಲಿ ಕುಳಿತು ಓದುವವರು ಇದನ್ನು ಬೇರೆ ಕ್ರಮದಲ್ಲಿ ಓದಬೇಕು ಎಂಬುದು ಈ ಲೇಖನದ ವಾದ.

ಕೈಪಿಡಿಯ ಬಲ

ಅಕ್ವಾಪೋನಿಕ್ಸ್‌ನಲ್ಲಿ ನಿಜವಾಗಿ ಸಾಕಬೇಕಾದದ್ದು ಮೀನನ್ನಲ್ಲ, ಬ್ಯಾಕ್ಟೀರಿಯವನ್ನು. ಇದನ್ನು ಕೈಪಿಡಿ ಚೆನ್ನಾಗಿ ಮನಗಾಣಿಸುತ್ತದೆ. ಮೀನು ವಿಸರ್ಜಿಸುವ ಅಮೋನಿಯ ಅದಕ್ಕೇ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಗಿಡಕ್ಕೆ ಆಹಾರ. ಈ ಬ್ಯಾಕ್ಟೀರಿಯ ಜಲ್ಲಿಯ ಮೇಲೆ ನೆಲೆಸಲು ಮೂರರಿಂದ ಐದು ವಾರ ಬೇಕು. ತೊಟ್ಟಿ ಕಟ್ಟಿದ ದಿನವೇ ಮೀನು ತುಂಬಿದರೆ ಏನಾಗುತ್ತದೆ ಎಂಬುದನ್ನು ನೀವೇ ಊಹಿಸಬಹುದು.

ಲೆಕ್ಕವನ್ನೂ ಅದು ಸರಳವಾಗಿ ಕೊಡುತ್ತದೆ. ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ. ಹಣ್ಣು ಬಿಡುವ ತರಕಾರಿಗೆ 50ರಿಂದ 80 ಗ್ರಾಂ. ಬೆಳೆಯುವ ಮೀನು ದಿನಕ್ಕೆ ತನ್ನ ತೂಕದ ಶೇಕಡ 1ರಿಂದ 2ರಷ್ಟು ತಿನ್ನುತ್ತದೆ. ಹಾಗಾದರೆ 10 ಕೆ.ಜಿ. ಮೀನು ಕನಿಷ್ಠ ಎರಡು ಚದರ ಮೀಟರ್ ಸೊಪ್ಪನ್ನು ಪೋಷಿಸಬಲ್ಲದು. ಈ ಪದ್ಧತಿಯ ದೌರ್ಬಲ್ಯಗಳನ್ನೂ ಕೈಪಿಡಿ ಮುಚ್ಚಿಡುವುದಿಲ್ಲ. ಆರಂಭದ ಖರ್ಚು ಹೆಚ್ಚು, ದಿನವೂ ನೋಡಿಕೊಳ್ಳಬೇಕು, ನಂಬಿಕೆಯ ವಿದ್ಯುತ್ ಬೇಕು ಎಂದು ಪಟ್ಟಿ ಮಾಡಿ ಹೇಳುತ್ತದೆ. ಮಾರಾಟಗಾರರ ಕರಪತ್ರಗಳಲ್ಲಿ ಕಾಣದ ಪ್ರಾಮಾಣಿಕತೆ ಇದು.

ಮೊದಲ ಪ್ರಶ್ನೆ: ನೀರು ಎಂಥದು?

ನೀರಿನ ಗುಣದ ಚರ್ಚೆ ಬರುವುದು ಮೂರನೆಯ ಅಧ್ಯಾಯದಲ್ಲಿ. ನಮ್ಮಲ್ಲಿ ಅದನ್ನೇ ಮೊದಲು ಓದಬೇಕು. ಎರೆಭೂಮಿಯ ಬೋರ್‌ವೆಲ್ ನೀರು ಬಹುತೇಕ ಗಡಸು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ಇದಕ್ಕೆ ಸಾಕ್ಷಿ. ಇಂಥ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚಿರುವುದರಿಂದ ಪಿಎಚ್ 8ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಕೈಪಿಡಿ ಬಯಸುವುದು 6ರಿಂದ 7.

ಒಂದು ಅಂಕಿಯ ವ್ಯತ್ಯಾಸ ತಾನೇ ಎನ್ನಬೇಡಿ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದ ಶೇಕಡ 0.6 ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ಶೇಕಡ 5, 8.5ರಲ್ಲಿ ಸುಮಾರು ಶೇಕಡ 15. ನೀರು ಬಿಸಿಯಾದಷ್ಟೂ ಈ ಪಾಲು ಹೆಚ್ಚುತ್ತದೆ. ಅತ್ತ ಗಿಡಕ್ಕೂ ತೊಂದರೆ. ಪಿಎಚ್ ಏರಿದಾಗ ಕಬ್ಬಿಣ ಬೇರಿಗೆ ದಕ್ಕದೆ ಎಳೆ ಎಲೆಗಳು ಹಳದಿಯಾಗುತ್ತವೆ.

ಇನ್ನು 'ನೀರಿನ ಭಾರಿ ಉಳಿತಾಯ' ಎಂಬ ಮಾತು. ತೊಟ್ಟಿಯಿಂದ ದಿನಕ್ಕೆ ಶೇಕಡ 1ರಿಂದ 3ರಷ್ಟು ನೀರು ಆವಿಯಾಗಿ, ಗಿಡದ ಮೂಲಕ ಹೋಗುತ್ತದೆ. 1,000 ಲೀಟರಿನ ತೊಟ್ಟಿಗೆ ದಿನಕ್ಕೆ 20 ಲೀಟರ್ ಎಂದು ಹಿಡಿಯೋಣ. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲಿಯೇ ಉಳಿಯುತ್ತದೆ. ಲೀಟರಿಗೆ 1 ಗ್ರಾಂ ಲವಣವಿರುವ ನೀರನ್ನು ಸುರಿಯುತ್ತಿದ್ದರೆ 100 ದಿನದಲ್ಲಿ 2 ಕೆ.ಜಿ. ಲವಣ ಸೇರುತ್ತದೆ. ಗಿಡ ಹೀರುವುದು ಅದರಲ್ಲಿ ಒಂದು ಪಾಲು ಮಾತ್ರ. ಆದ್ದರಿಂದ ನೀರನ್ನು ಬದಲಿಸದೆ ಸುತ್ತಿಸುವ ಹೆಗ್ಗಳಿಕೆ ಸಿಹಿನೀರಿನ ಊರಿಗೆ ಸರಿ, ಸವುಳು ನೀರಿನ ಊರಿಗೆ ಅಲ್ಲ.

ಪರಿಹಾರವಿದೆ. ವಾರಕ್ಕೆ 100 ಲೀಟರ್ ತೊಟ್ಟಿಯ ನೀರನ್ನು ನುಗ್ಗೆ, ತೆಂಗಿನ ಬುಡಕ್ಕೆ ಬಿಡಿ. ಆಗ ದಿನಕ್ಕೆ ಸರಾಸರಿ 34 ಲೀಟರ್ ಹೊಸ ನೀರು ಬೇಕು. ಲವಣ ಏರುತ್ತಲೇ ಹೋಗದೆ ಲೀಟರಿಗೆ ಸುಮಾರು 2.4 ಗ್ರಾಂನಲ್ಲಿ ನಿಲ್ಲುತ್ತದೆ. ಹೊಸ ನೀರಿನಲ್ಲಿ ಅರ್ಧ ಮಳೆನೀರಾದರೆ 1.2 ಗ್ರಾಂಗೆ ಇಳಿಯುತ್ತದೆ. ವರ್ಷಕ್ಕೆ 500 ಮಿ.ಮೀ. ಮಳೆ ಎಂದು ಹಿಡಿದರೂ 20 ಚದರ ಮೀಟರ್ ಮಾಳಿಗೆಯಿಂದ ಸುಮಾರು 8,000 ಲೀಟರ್ ಹಿಡಿಯಬಹುದು, ಬೇಕಾದದ್ದು 6,200. ಆದರೆ ಡಿಸೆಂಬರಿನಿಂದ ಮೇ ತನಕದ ಆರು ತಿಂಗಳಿಗೆ 3,000 ಲೀಟರಾದರೂ ಕೂಡಿಡಲು ಬೇರೊಂದು ತೊಟ್ಟಿ ಬೇಕು. ಮಲೆನಾಡಿನ ಸೆರಗಿನ ಕಿತ್ತೂರಿಗಿಂತ ಒಣ ಸೀಮೆಯ ರಾಮದುರ್ಗದಲ್ಲಿ ಇದರ ಅಗತ್ಯ ಹೆಚ್ಚು. ನಿಮ್ಮ ಖರ್ಚಿನ ಪಟ್ಟಿಯಲ್ಲಿ ಈ ತೊಟ್ಟಿ ಇದೆಯೇ? ಬರೀ ಮಳೆನೀರೂ ಸಲ್ಲದು. ಬ್ಯಾಕ್ಟೀರಿಯದ ಕೆಲಸದಿಂದ ಆಮ್ಲ ಹುಟ್ಟುತ್ತದೆ; ಅದನ್ನು ತಡೆಯಲು ಸ್ವಲ್ಪ ಕಾರ್ಬನೇಟ್ ನೀರಿನಲ್ಲಿ ಇರಲೇಬೇಕು.

ಜಲ್ಲಿಯ ಬಗ್ಗೆಯೂ ಎಚ್ಚರ. ರಾಮದುರ್ಗದ ಸುತ್ತಿನ ಕಲಾದಗಿ ಶಿಲಾಸಮೂಹದಲ್ಲಿ ಸುಣ್ಣಕಲ್ಲಿನ ಪದರಗಳಿವೆ. ಸುಣ್ಣಕಲ್ಲಿನ ಜಲ್ಲಿ ಪಿಎಚ್ಚನ್ನು ಇಳಿಯಗೊಡುವುದಿಲ್ಲ. ಕೈಪಿಡಿ ಹೇಳುವ ವಿನೆಗರ್ ಪರೀಕ್ಷೆ ಮಾಡಿ. ಕಲ್ಲಿನ ಮೇಲೆ ಹಾಕಿದಾಗ ನೊರೆ ಬಂದರೆ ಆ ಜಲ್ಲಿ ಬೇಡ.

ಕರೆಂಟು ಹೋದರೆ?

1,000 ಲೀಟರಿಗೆ 10ರಿಂದ 20 ಕೆ.ಜಿ. ಮೀನು ಎಂಬುದು ಕೈಪಿಡಿಯ ಅಳತೆ. ನಮ್ಮ ಹವೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಹೆಚ್ಚೆಂದರೆ 7 ಮಿಲಿಗ್ರಾಂನಷ್ಟು. ಅದು 3ಕ್ಕೆ ಇಳಿದರೆ ಮೀನು ಕಷ್ಟಕ್ಕೆ ಸಿಲುಕುತ್ತದೆ. ಅಂದರೆ ತೊಟ್ಟಿಯಲ್ಲಿ ಬಳಕೆಗೆ ಸಿಗುವುದು 4 ಗ್ರಾಂ. ಒಂದು ಕೆ.ಜಿ. ಮೀನು ಗಂಟೆಗೆ ಕಾಲು ಗ್ರಾಂ ಆಮ್ಲಜನಕ ಬಳಸುತ್ತದೆಂದು ಇಟ್ಟುಕೊಂಡರೆ 20 ಕೆ.ಜಿ. ಮೀನಿಗೆ ಇದು 48 ನಿಮಿಷಕ್ಕೆ ಮುಗಿಯುತ್ತದೆ. 5 ಕೆ.ಜಿ. ಇದ್ದರೆ ಮೂರು ಗಂಟೆಗೂ ಮಿಕ್ಕಿ ಸಮಯ ಸಿಗುತ್ತದೆ. ರಾತ್ರಿ ಕರೆಂಟು ಹೋಗುವ ಹಳ್ಳಿಯಲ್ಲಿ ಈ ವ್ಯತ್ಯಾಸವೇ ಮೀನಿನ ಜೀವ. ಆದ್ದರಿಂದ ಹೊಸಬರು 5 ಕೆ.ಜಿ.ಗೆ ಮಿತಿ ಹಾಕಿಕೊಂಡು, ಸೊಪ್ಪಿನ ಮಡಿಯನ್ನೂ ಒಂದು ಚದರ ಮೀಟರಿಗೆ ಇಳಿಸುವುದು ಒಳ್ಳೆಯದು. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಹೇಗೂ ಬೇಕು. ಏಪ್ರಿಲ್, ಮೇ ಬಿಸಿಲಿಗೆ ತೊಟ್ಟಿಯ ಮೇಲೆ ಚಪ್ಪರವೂ ಬೇಕು.

ಯಾವ ಮೀನು, ಯಾರಿಗೆ?

ಕೈಪಿಡಿಯ ಮೆಚ್ಚಿನ ಮೀನು ತಿಲಾಪಿಯ. ಆಫ್ರಿಕನ್ ಕ್ಯಾಟ್‌ಫಿಷ್‌ಗೂ ಅದರಲ್ಲಿ ಜಾಗವಿದೆ. ಜಗತ್ತಿಗೆಲ್ಲ ಬರೆದ ಪುಸ್ತಕದ ಮಿತಿ ಇಲ್ಲಿ ಎದ್ದು ಕಾಣುತ್ತದೆ. ಭಾರತದಲ್ಲಿ ತಿಲಾಪಿಯ ಸಾಕಲು ಸರ್ಕಾರದ ಅನುಮತಿ ಬೇಕು; ಆಫ್ರಿಕನ್ ಕ್ಯಾಟ್‌ಫಿಷ್ ಸಾಕಣೆಗೆ ನಿಷೇಧವಿದೆ. ಇದು ಬರೀ ಕಾಗದದ ನಿಯಮವಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ನದಿದಂಡೆಯ ಊರುಗಳಿಗೆ ನುಗ್ಗಿದ್ದನ್ನು ನೆನಪಿಸಿಕೊಳ್ಳಿ. ಅಂಥ ದಿನ ಹಿತ್ತಲ ತೊಟ್ಟಿಯ ಮೀನು ಹೊಳೆಯ ಮೀನಾಗುತ್ತದೆ. ಸಾಮಾನ್ಯ ಗೆಂಡೆ, ರೋಹು ಮರಿಗಳನ್ನು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ ತರುವುದು ಕ್ಷೇಮ.

ಇನ್ನೊಂದು ಮಾತು. ಎರಡು ಫಸಲೂ ಮನೆಯ ಊಟಕ್ಕೆ ಎಂದು ಕೈಪಿಡಿ ಭಾವಿಸುತ್ತದೆ. ನಮ್ಮ ಭಾಗದ ಅನೇಕ ಮನೆಗಳಲ್ಲಿ ಮೀನು ತಿನ್ನುವುದಿಲ್ಲ. ಅಂಥವರು ಗೋಲ್ಡ್‌ಫಿಷ್‌ನಂಥ ಅಲಂಕಾರದ ಮೀನು ಸಾಕಬಹುದು. ಅವುಗಳ ಅಮೋನಿಯವೂ ಅದೇ ಅಮೋನಿಯ. ಲೆಟ್ಯೂಸ್ ಬದಲು ರಾಜಗಿರಿ, ಮೆಂತ್ಯ, ಪಾಲಕ್ ಹಾಕಿ.

ತೂಗಿ ನೋಡಿದಾಗ

ಈ ಕೈಪಿಡಿ ಎತ್ತದ ಒಂದು ಪ್ರಶ್ನೆಯನ್ನು ನಾವು ಎತ್ತಬೇಕು. ನಮ್ಮಲ್ಲಿ ಮಣ್ಣಿಗೆ ಬರವಿಲ್ಲ. ಎರೆಮಣ್ಣು ತಾನೇ ಒಳ್ಳೆಯ ಸೋಸುಕ, ಬ್ಯಾಕ್ಟೀರಿಯದ ಮನೆ. ಕೃಷಿ ಹೊಂಡದಲ್ಲಿ ಗೆಂಡೆ ಬಿಟ್ಟು, ಅದೇ ನೀರನ್ನು ಕಾಯಿಪಲ್ಲೆಗೆ ಹಾಯಿಸಿದರೆ ಸಾರಜನಕದ ಅದೇ ದಾರಿ ಪಂಪು ಸದಾ ಓಡದೆಯೂ ನಡೆಯುತ್ತದೆ. ಜಮೀನು ಇರುವವರು ಲಾಭಕ್ಕಾಗಿ ಸಾಲ ಮಾಡಿ ಅಕ್ವಾಪೋನಿಕ್ಸ್ ಕಟ್ಟುವ ಮೊದಲು ಈ ಹೋಲಿಕೆ ಮಾಡಲಿ.

ಊರ ನಡುವೆ ನಾಲ್ಕು ಗಜ ಹಿತ್ತಲಿರುವವರಿಗೆ, ಶಾಲೆಯ ವಿಜ್ಞಾನ ಸಂಘಗಳಿಗೆ ಮಾತ್ರ ಇದು ನಿಜಕ್ಕೂ ಉಪಯುಕ್ತ. ಸಾರಜನಕ ಚಕ್ರವನ್ನು ಕಣ್ಣೆದುರು ತೋರಿಸಲು ಇದಕ್ಕಿಂತ ಒಳ್ಳೆಯ ಉಪಕರಣ ಸಿಗಲಾರದು. ನೀರಿನ ಮಾದರಿಯನ್ನು ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಪರೀಕ್ಷೆ ಮಾಡಿಸಿ. ಆಮೇಲೆ ಕೈಪಿಡಿ ತೆರೆಯಿರಿ, ಆಮೇಲೆ ತೊಟ್ಟಿ ಕಟ್ಟಿ. ಮೀನು ಕೊನೆಗೆ ಬರಲಿ.