ಕಾರಂತರನ್ನು ಸಾಕ್ಷಿಗೆ ಕರೆಯಬೇಡಿ

ಯಾವ ವಿದ್ಯೆಯೂ ವ್ಯರ್ಥವಲ್ಲ ಎಂಬ ಮಾತನ್ನು ನಮ್ಮಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸಿದರೆ ಕೂಡಲೇ ಶಿವರಾಮ ಕಾರಂತರನ್ನು ಸಾಕ್ಷಿಗೆ ತಂದು ನಿಲ್ಲಿಸುತ್ತಾರೆ. ಕಾದಂಬರಿ ಬರೆದರು, ಕುಣಿದರು, ವಿಜ್ಞಾನ ಬರೆದರು, ಮೂಕಿ ಚಿತ್ರಗಳ ಕಾಲದಲ್ಲೇ ಸಿನಿಮಾಕ್ಕೂ ಕೈಹಾಕಿದರು. ಹಾಗಾದರೆ ನಾವೂ ಕಂಡದ್ದನ್ನೆಲ್ಲ ಕಲಿಯೋಣ ಎಂಬುದು ವಾದ.

ಇದು ಕಾರಂತರನ್ನು ಅರ್ಧ ಓದಿದವರ ವಾದ. ಅವರು ಹೊಕ್ಕ ಮನೆಗಳನ್ನು ಎಣಿಸುತ್ತೇವೆ, ಒಳಗೆ ಪಟ್ಟ ಪಾಡನ್ನು ಎಣಿಸುವುದಿಲ್ಲ. ಯಕ್ಷಗಾನವನ್ನೇ ನೋಡಿ. ಆಟ ನೋಡಿ ತಲೆದೂಗಿದ್ದರೆ ಅವರಿಗೂ ಅದು ರಸಿಕತೆಯಾಗಿಯೇ ಉಳಿಯುತ್ತಿತ್ತು. ಕುಣಿತ, ಹಾಡುಗಾರಿಕೆ, ವೇಷಗಾರಿಕೆಗಳನ್ನು ಕೆದಕಿ 'ಯಕ್ಷಗಾನ ಬಯಲಾಟ' ಬರೆದರು. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ಈ ಪುಸ್ತಕಕ್ಕೆ. ಅಷ್ಟಕ್ಕೇ ಸುಮ್ಮನಾಗದೆ ರಂಗಕ್ಕೇ ಇಳಿದು ಮಾತನ್ನು ಕೈಬಿಟ್ಟರು, ಪಿಟೀಲು, ಸ್ಯಾಕ್ಸೋಫೋನ್ ತಂದರು. ಸಂಪ್ರದಾಯದವರು ಸಿಟ್ಟಾದರು. ಆ ಸಿಟ್ಟು ನ್ಯಾಯವೋ ಅಲ್ಲವೋ, ಬೇರೆ ಜಗಳ. ನನಗೆ ಮುಖ್ಯವೆನಿಸುವುದು, ತಾನು ಕಲಿತದ್ದನ್ನು ಬಲ್ಲವರ ಕಣ್ಣೆದುರು ಇಟ್ಟು ಬೈಸಿಕೊಳ್ಳಲು ಅವರು ಸಿದ್ಧರಿದ್ದರು ಎಂಬುದು.

'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಬರೆದಾಗ ಅವರು ವಿಜ್ಞಾನಿಯಾಗಿರಲಿಲ್ಲ. ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಅದರಲ್ಲಿನ ಎಷ್ಟೋ ವಿಷಯ ಇಂದಿಗೆ ಹಳತು. ಆದರೂ ಆ ಓದಿಗೆ ಒಂದು ವಿಳಾಸವಿತ್ತು: ಇಂಗ್ಲಿಷ್ ಬಾರದ ಓದುಗ.

ಹಾಗಾಗಿ ಇದರಿಂದ ಸಂಬಳ ಹೆಚ್ಚುತ್ತದೆಯೇ ಎಂಬ ತಂದೆತಾಯಿಯರ ಪ್ರಶ್ನೆಯೂ ನನಗೆ ಸಾಲದು, ಎಲ್ಲವೂ ಒಂದು ದಿನ ಉಪಯೋಗಕ್ಕೆ ಬಂದೀತು ಎಂಬ ಸಮಾಧಾನವೂ ಸಾಲದು. ಕಲಿತದ್ದು ಯಾರ ಕೈಗೆ ಹೋಗುತ್ತದೆ, ತಪ್ಪಿದರೆ ಯಾರು ತಿದ್ದುತ್ತಾರೆ? ಎರಡಕ್ಕೂ ಉತ್ತರವಿಲ್ಲದಿದ್ದರೆ ಅದು ಹವ್ಯಾಸ. ಹವ್ಯಾಸ ಕೆಟ್ಟದ್ದಲ್ಲ, ಅದನ್ನು ಜ್ಞಾನಾರ್ಜನೆ ಎಂದು ಕರೆಯುವುದಷ್ಟೇ ಬೇಡ. ನನ್ನ ಫೋನಿನಲ್ಲಿ ಹಳಗನ್ನಡ ಶಾಸನಲಿಪಿಯಿಂದ ಷೇರುಪೇಟೆಯವರೆಗೆ ಅರ್ಧ ಕೇಳಿಬಿಟ್ಟ ಉಪನ್ಯಾಸಗಳಿವೆ. ಅವುಗಳಿಂದ ಯಾರಿಗೂ ಒಂದು ಸಾಲು ಓದಿ ಹೇಳಲಾರೆ, ಯಾರ ಹಣವನ್ನೂ ಉಳಿಸಲಾರೆ.

ಕಾರಂತರು ತೊಂಬತ್ತು ದಾಟಿದ ಮೇಲೆ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. ಆ ವಯಸ್ಸಿನಲ್ಲಿ ಹಕ್ಕಿಗಳನ್ನು ಸುಮ್ಮನೆ ನೋಡುತ್ತ ಕೂತಿದ್ದರೂ ಯಾರೂ ಕೇಳುತ್ತಿರಲಿಲ್ಲ.